ವಿಮಾನದ ಎಣ್ಣಿ ಯಾರ ಕಿಸೆದ್ದು?

ದೂರದ ದೇಶದಲ್ಲಿ ಯುದ್ಧ ಶುರುವಾದ್ರೆ ನಮ್ಮ ರಾಜಕಾರಣಿಗಳು ಮೊದಲು ಹುಡುಕೋದು ಏನು ಗೊತ್ತಾ? ಕನ್ನಡಿ!

ತಮಾಷೆಯಲ್ಲ ಸ್ವಾಮಿ, 2023ರ ಏಪ್ರಿಲ್ ನೆನಪಿಸಿಕೊಳ್ಳಿ. 15ನೇ ತಾರೀಖು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಯ್ತು. ಗಿಡಮೂಲಿಕೆ ಔಷಧ ಮಾರಲು ಹೋಗಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಅಲ್ಲೇ ಸಿಕ್ಕಿಹಾಕಿಕೊಂಡರು. ಇಲ್ಲಿ ವಿಧಾನಸಭಾ ಚುನಾವಣೆಯ ಕಾವು ಬೇರೆ. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು 18ರಂದು ಟ್ವೀಟ್ ಮಾಡಿದ್ರು: 31 ಜನ ಊಟವಿಲ್ಲದೆ ಒದ್ದಾಡ್ತಿದ್ದಾರೆ, ಸರ್ಕಾರ ಇನ್ನೂ ಏನೂ ಮಾಡಿಲ್ಲ ಅಂತ. ವಿದೇಶಾಂಗ ಸಚಿವ ಜೈಶಂಕರ್, ನಿಮ್ಮ ಟ್ವೀಟ್ ನೋಡಿ ದಂಗಾದೆ, ರಾಜಕೀಯ ಮಾಡಬೇಡಿ ಅಂದ್ರು. ದಂಗಾಗೋದ್ರಲ್ಲೇ ನೀವು ಬಿಜಿ ಇದ್ರೆ ಸಹಾಯ ಮಾಡೋರು ಯಾರು ಅಂತಾದ್ರೂ ಹೇಳಿ ಅಂತ ಇವರ ಉತ್ತರ. ಟಿವಿಯವರಿಗೆ ಹಬ್ಬ! ಗುಂಡಿನ ಸದ್ದಿನ ನಡುವೆ ಕೂತವರ ಸುದ್ದಿ ಮೂಲೆಗೆ, ಇವರಿಬ್ಬರ ಜಗಳ ತಲೆಬರಹಕ್ಕೆ.

ಆಮೇಲೆ 24ಕ್ಕೆ 'ಆಪರೇಷನ್ ಕಾವೇರಿ' ಶುರುವಾಯ್ತು. ಪೋರ್ಟ್ ಸುಡಾನಿನಿಂದ ಜೆಡ್ಡಾಕ್ಕೆ ನೌಕಾಪಡೆಯ ಹಡಗುಗಳು ಜನರನ್ನು ಸಾಗಿಸಿದವು. ಖಾರ್ಟೂಮ್ ಹತ್ತಿರದ ವಾಡಿ ಸೈದ್ನಾ ಅನ್ನೋ ಸಣ್ಣ ಏರ್‌ಸ್ಟ್ರಿಪ್ಪಿನಲ್ಲಿ ರಾತ್ರಿ, ರನ್‌ವೇ ದೀಪ ಕೂಡ ಇಲ್ಲದೆ, ವಾಯುಪಡೆಯ ವಿಮಾನ ಇಳಿದು 121 ಜನರನ್ನ ಹತ್ತಿಸಿಕೊಂಡು ಬಂತು. ಒಟ್ಟು 3,862 ಜನ ಮನೆ ಸೇರಿದರು. ಆ ಪೈಲಟ್‌ನ ಕಟೌಟು ಎಲ್ಲಾದ್ರೂ ನೋಡಿದ್ದೀರಾ? ಮತದಾನಕ್ಕೆ ಮೂರು ದಿನ ಮುಂಚೆ, ಮೇ 7ರಂದು, ಶಿವಮೊಗ್ಗ ಜಿಲ್ಲೆಯಲ್ಲಿ ಪ್ರಚಾರಕ್ಕೆ ಬಂದ ಪ್ರಧಾನಿ ವಾಪಸ್ ಬಂದ ಹಕ್ಕಿಪಿಕ್ಕಿಗಳನ್ನು ಭೇಟಿಯಾದ ಫೋಟೋ ಮಾತ್ರ ಎಲ್ಲರೂ ನೋಡಿದ್ದೀವಿ.

ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ ಬಿಡಿ. ರಾತ್ರಿಯೆಲ್ಲ ಕೂತು ಸರ್ವರ್ ಎಬ್ಬಿಸೋನು ಒಬ್ಬ, ಬೆಳಿಗ್ಗೆ 'ನಾವು ಸಾಧಿಸಿದೆವು' ಅಂತ ಮೇಲ್ ಹಾಕೋನು ಇನ್ನೊಬ್ಬ :-)

ಆ ವರ್ಷ ನಮ್ಮೂರು ಯಮಕನಮರಡಿಗೆ ಹೋದಾಗ ಚಾದಂಗಡಿಯಲ್ಲೂ ಇದೇ ಮಾತು. "ಸಾಹೇಬ್ರು ವಿಮಾನ ಕಳಿಸಿ ಕರಕೊಂಡ ಬಂದ್ರು ನೋಡ್ರಿ" ಅಂದ ಒಬ್ಬ. ಮೂಲೆಯಲ್ಲಿದ್ದ ಅಜ್ಜ ಬೀಡಿ ಆರಿಸಿ ಕೇಳಿದ, "ವಿಮಾನದ ಎಣ್ಣಿ ಯಾರ ಕಿಸೆದ್ದೋ ತಮ್ಮಾ? ನಂದು ನಿಂದು ಹೌದಿಲ್ಲೋ?"

ಸಚಿವರ ಫೋನಿಗೂ ಬೆಲೆಯಿದೆ, ಇಲ್ಲ ಅನ್ನಲ್ಲ. ಬೇರೆ ದೇಶದವರು ಒಪ್ಪದೆ ನಮ್ಮ ಹಡಗು, ವಿಮಾನ ಅಲ್ಲಿಗೆ ಹೋಗೋಕಾಗುತ್ತಾ? ಆದರೆ ಅದು ಅವರ ಕೆಲಸ, ನಮ್ಮ ಮೇಲೆ ಮಾಡಿದ ಉಪಕಾರ ಅಲ್ಲ. ಪಾಸ್‌ಪೋರ್ಟ್ ಇಟ್ಟುಕೊಂಡವನ ಹಕ್ಕು ನಾಯಕರ ಕೃಪೆ ಆಗಿಬಿಟ್ರೆ, ಕಷ್ಟದಲ್ಲಿರೋನು ಪ್ರಶ್ನೆ ಕೇಳೋದೂ ತಪ್ಪಾಗಿಬಿಡುತ್ತೆ.

ಪ್ರಶ್ನೆ ಕೇಳಿದ್ರೆ ಏನಾಗುತ್ತೆ ಅಂತ ಅದರ ಹಿಂದಿನ ವರ್ಷವೇ ನೋಡಿದ್ದೆವಲ್ಲ? 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲೂಕು ಚಳಗೇರಿಯ ಮೆಡಿಕಲ್ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಅದೇ ದಿನಗಳಲ್ಲಿ ಕೇಂದ್ರ ಸಚಿವ ಪ್ರಲ್ಹಾದ ಜೋಶಿ, ವಿದೇಶದಲ್ಲಿ ವೈದ್ಯಕೀಯ ಓದಿದವರಲ್ಲಿ ಶೇ. 90ರಷ್ಟು ಮಂದಿ ಇಲ್ಲಿಯ ಪರೀಕ್ಷೆ ಪಾಸಾಗಲ್ಲ ಅಂದ್ರು. ಶವ ಯಾವಾಗ ಬರುತ್ತೆ ಅಂತ ಕೇಳಿದ್ರೆ ಶಾಸಕ ಅರವಿಂದ ಬೆಲ್ಲದ, ಒಂದು ಶವದ ಜಾಗದಲ್ಲಿ ಎಂಟು-ಹತ್ತು ಜನರನ್ನ ಕೂರಿಸಬಹುದು ಅಂತ ಲೆಕ್ಕ ಹೇಳಿದ್ರು. ಮಗನ ಮುಖ ನೋಡೋಕೆ ಕಾಯ್ತಿದ್ದ ತಾಯಿ ಕಿವಿಗೆ ಬೀಳೋ ಮಾತಾ ಇದು?

ಮಾರ್ಚ್ 21ಕ್ಕೆ ಶವ ಬಂತು. ಅಪ್ಪ ಅಮ್ಮ ಪೂಜೆ ಮುಗಿಸಿ, ವಿದ್ಯಾರ್ಥಿಗಳ ಕಲಿಕೆಗೆ ಅಂತ ಮಗನ ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ಕೊಟ್ಟುಬಿಟ್ಟರು.

ದೊಡ್ಡವರು ಯಾರು, ನೀವೇ ಹೇಳಿ.