ಶಿರಾಡಿ ಘಾಟಿಯೂ ನಾಲ್ಕು ಪ್ಲಗ್ಗುಗಳೂ

ಶಿರಾಡಿ ಘಾಟಿಯನ್ನು ನಾವು ಎಷ್ಟು ಸಲ ಹತ್ತಿ ಇಳಿದಿರುವೆವೆಂಬುದಕ್ಕೆ ಲೆಕ್ಕವಿಲ್ಲ. ನಮ್ಮ ಅಕ್ಕನವರನ್ನು ಪುತ್ತೂರಿಗೆ ಕೊಟ್ಟಂದಿನಿಂದಲೂ ಹಾಸನದ ನಮ್ಮ ಮನೆಗೂ ಆ ಮನೆಗೂ ನಡುವೆ ಈ ಘಾಟಿಯೇ ಹೊಸ್ತಿಲು. ಬಸ್ಸಿನಲ್ಲಿ ಕುಳಿತು ಹೋಗುವವನಿಗೆ ಘಾಟಿಯೆಂದರೆ ಕಾಡು, ಮಂಜು, ಕೆಂಪುಹೊಳೆಯ ಸದ್ದು, ಜೊತೆಗೆ ಹಿಂದಿನ ಆಸನದ ಕೂಸಿನ ಅಳು, ಇಷ್ಟೇ. ನಡೆಸುವವನ ಪಕ್ಕದಲ್ಲಿಯೇ ಕುಳಿತು, ಬಂಡಿಯ ಉಸಿರಾಟವನ್ನು ಕೇಳುತ್ತ ಹತ್ತುವುದು ಬೇರೆಯೇ ಅನುಭವ. ಕಳೆದ ಕಾರ್ತಿಕ ಮಾಸದಲ್ಲಿ ಅದು ನಮಗೆ ಪ್ರಾಪ್ತವಾಯಿತು.

ಅಕ್ಕನವರು ಪುತ್ತೂರಿನ ಮನೆಯನ್ನು ಬಿಟ್ಟು ಮಗನ ಬಳಿಗೆ ಹೋಗುವವರಿದ್ದರು. ಭಾವನವರ ಕಾಲದ ಸಂಸ್ಕೃತ ಗ್ರಂಥಗಳ ಹದಿನಾಲ್ಕು ಪೆಟ್ಟಿಗೆಗಳು, ಒಂದು ತೊಟ್ಟಿಲು, ಎರಡು ಹಿತ್ತಾಳೆಯ ಹಂಡೆಗಳು ನಮ್ಮ ಪಾಲಿಗೆ ಬಂದುವು. ಅವನ್ನು ತರಲು ನಮ್ಮ ಹಳೆಯ ಶಿಷ್ಯನೊಬ್ಬನ ಸಣ್ಣ ಲಾರಿಯನ್ನು ಗೊತ್ತುಮಾಡಿದೆವು. ಶಾಲೆಯಲ್ಲಿ ಇವನಿಗೆ ರಾಮಶಬ್ದವು ತೃತೀಯಾ ವಿಭಕ್ತಿಯನ್ನು ದಾಟಿ ಮುಂದೆ ಹೋದುದೇ ಇಲ್ಲ. ಈಗ ಸಾಲ ಮಾಡಿ ಲಾರಿ ಕೊಂಡು, ಹಾಸನದ ಆಲೂಗೆಡ್ಡೆಯನ್ನು ಘಟ್ಟದ ಕೆಳಕ್ಕೆ ಇಳಿಸಿ, ಸಿಕ್ಕಿದ ಸರಕನ್ನು ಮೇಲಕ್ಕೆ ತಂದು, ತಿಂಗಳ ಐದನೆಯ ತಾರೀಖಿಗೆ ತಪ್ಪದೆ ಕಂತು ಕಟ್ಟುತ್ತಾನೆ. ತಾಯಿ, ಹೆಂಡತಿ, ಎರಡು ಮಕ್ಕಳು ಆ ಲಾರಿಯ ನಾಲ್ಕು ಚಕ್ರಗಳ ಮೇಲೆಯೇ ಇದ್ದಾರೆ.

ಲಾರಿಗೂ ಪ್ಲಗ್ಗುಂಟೇ ಎಂದು ತಿಳಿದ ವಾಚಕರು ಕೇಳಬಹುದು. ದೊಡ್ಡ ಲಾರಿಗಳಿಗೆ ಇಲ್ಲವೆಂಬುದು ನಿಜ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನೇ ಅತಿಯಾಗಿ ಒತ್ತಿ ಕಾಯಿಸುವುದರಿಂದ ಎಣ್ಣೆಯು ತಾನಾಗಿ ಹೊತ್ತಿಕೊಳ್ಳುವುದು; ಕಿಡಿಯ ಹಂಗಿಲ್ಲ. ಆದರೆ 2020ನೆಯ ಏಪ್ರಿಲಿನಲ್ಲಿ ಹೊಗೆಯ ನಿಬಂಧನೆಗಳು ಬಿಗಿಯಾದ ಮೇಲೆ ಸಣ್ಣ ಲಾರಿಗಳಲ್ಲಿ ಪೆಟ್ರೋಲು ಮತ್ತು ಸಿ.ಎನ್.ಜಿ. ಅನಿಲದ ಬಂಡಿಗಳು ಹೆಚ್ಚಿದುವು. ಶಿಷ್ಯನದು ಎರಡರಲ್ಲಿಯೂ ಓಡುವ ಬಂಡಿ. ನಾಲ್ಕು ಸಿಲಿಂಡರು, ನಾಲ್ಕು ಪ್ಲಗ್ಗು. ಕಿರುಬೆರಳಿನಷ್ಟು ಉದ್ದದ ಈ ಪದಾರ್ಥವು, ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಒಂದೊಂದೂ ಕ್ಷಣಕ್ಕೆ ಇಪ್ಪತ್ತೈದು ಸಲ ಕಿಡಿ ಹಾರಿಸಬೇಕು. ಒಂದು ಮಿಲಿಮೀಟರಿನ ಆಸುಪಾಸಿನ ಸಂದಿಯನ್ನು ಆ ಕಿಡಿ ದಾಟಬೇಕಾದರೆ 10,000 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಬೇಕು. ಅದನ್ನು ಹೊರಕ್ಕೆ ಸೋರದಂತೆ ತಡೆದಿರುವುದು ನಮ್ಮ ಉಪ್ಪಿನಕಾಯಿ ಜಾಡಿಯ ದಾಯಾದಿಯಾದ ಒಂದು ಬಿಳಿಯ ಪಿಂಗಾಣಿಯ ಕೊಳವೆ.

ಪುತ್ತೂರಿಗೆ ಇಳಿಯುವ ದಿನ ಬೆಳಿಗ್ಗೆ ಎಂಜಿನ್ನು ಸ್ವಲ್ಪ ನಡುಗಿತು. ಪ್ಲಗ್ಗುಗಳಿಗೆ ವಯಸ್ಸಾಯಿತೆಂದು ಶಿಷ್ಯನು ಹೇಳಿ, ದಾರಿಯ ಒಂದೂರಿನಲ್ಲಿ ಒಂದು ಅಂಗಡಿಯ ಮುಂದೆ ನಿಲ್ಲಿಸಿದನು. ಊರಿನ ಹೆಸರೂ ಅಂಗಡಿಯ ಹೆಸರೂ ಬೇಡ. ಅಂಗಡಿಯವನು ಎರಡು ಬಗೆಯ ಪೆಟ್ಟಿಗೆಗಳನ್ನು ಮುಂದಿಟ್ಟನು. ಎರಡರ ಮೇಲೂ ಒಂದೇ ಹೆಸರು, ಒಂದೇ ಬಣ್ಣ. ಬೆಲೆ ಮಾತ್ರ ಒಂದರದು ಇನ್ನೊಂದರ ಅರ್ಧಕ್ಕೂ ಕಡಮೆ. ಶಿಷ್ಯನು ಅನುಮಾನಿಸುತ್ತ ನಿಂತನು. ಆಗ ನಾವು, ಕೇಳದಿದ್ದರೂ ಬುದ್ಧಿ ಹೇಳುವ ಮೂವತ್ತೈದು ವರುಷಗಳ ಅಭ್ಯಾಸದಿಂದ, “ಹೆಸರು ಒಂದೇ ಇರುವಾಗ ಹೆಚ್ಚು ಹಣ ಏತಕ್ಕಪ್ಪ? ಕಂತು ಕಟ್ಟುವವನು ನೀನು” ಎಂದೆವು. ಗುರುವಾಕ್ಯವೆಂದು ಅವನು ಅಗ್ಗದ್ದನ್ನೇ ಕೊಂಡನು. ನಾಮರೂಪಗಳು ಬೇರೆ, ಗುಣ ಬೇರೆ ಎಂಬುದನ್ನು ಮಕ್ಕಳಿಗೆ ಇಷ್ಟು ವರುಷ ಬೋಧಿಸಿದವರು ನಾವೇ.

ಇಳಿಯುವಾಗ ಏನೂ ತೊಂದರೆಯಾಗಲಿಲ್ಲ. ಮರುದಿನ ಮಧ್ಯಾಹ್ನ ಪೆಟ್ಟಿಗೆಗಳನ್ನು ಹೇರಿಕೊಂಡು ಹೊರಟೆವು. ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕುಮಾರಧಾರೆಗಳ ಸಂಗಮಕ್ಕೆ ಕೈಮುಗಿದು, ನೆಲ್ಯಾಡಿಯನ್ನು ದಾಟಿ ಗುಂಡ್ಯಕ್ಕೆ ಬರುವವರೆಗೂ ಬಂಡಿಯು ಸಾಧುವಾಗಿಯೇ ನಡೆಯಿತು. ಅಲ್ಲಿಂದ ಮುಂದೆ ಏರು. ಸಕಲೇಶಪುರವು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಆ ಎತ್ತರದ ಬಹುಭಾಗವನ್ನು ಇದೊಂದೇ ಏರಿನಲ್ಲಿ ಸಲ್ಲಿಸಬೇಕು. ಎಡಕ್ಕೆ ಬೆಟ್ಟ, ಬಲಕ್ಕೆ ಪಾತಾಳದಲ್ಲಿ ಹೊಳೆ. ಮುಂದೆಯೂ ಹಿಂದೆಯೂ ಮಂಗಳೂರಿನಿಂದ ಎಣ್ಣೆ, ಅನಿಲ ತುಂಬಿಕೊಂಡು ಬರುವ ಟ್ಯಾಂಕರುಗಳ ಸಾಲು.

ನಾಲ್ಕಾರು ತಿರುವುಗಳಾಗುವಷ್ಟರಲ್ಲಿ ಲಾರಿಯು ಒಮ್ಮೆ ಬಿಕ್ಕಳಿಸಿತು, ಮತ್ತೆ ಬಿಕ್ಕಳಿಸಿತು. ಅನಂತರ ಕುಂಟತೊಡಗಿತು. ಶಿಷ್ಯನ ಮುಖದ ಬಣ್ಣವೇ ಹೋಯಿತು. “ಮೇಷ್ಟ್ರೇ, ಒಂದು ಪ್ಲಗ್ಗು ಕೈಕೊಟ್ಟಿದೆ. ಗಾಡಿ ಮೂರರ ಮೇಲೆ ಎಳೀತಿದೆ” ಎಂದು, ಅನಿಲವನ್ನು ನಿಲ್ಲಿಸಿ ಪೆಟ್ರೋಲಿಗೆ ತಿರುಗಿಸಿದನು. ತುಸು ಚೇತರಿಸಿಕೊಂಡಿತು. ಇದರ ಕಾರಣವನ್ನು ಅವನೇ ಆಮೇಲೆ ವಿವರಿಸಿದನು: ಭಾರ ಎಳೆಯುವಾಗ ಸಿಲಿಂಡರಿನ ಒಳಗಿನ ಒತ್ತಡವು ಹೆಚ್ಚುತ್ತದೆ, ಒತ್ತಡ ಹೆಚ್ಚಿದಷ್ಟೂ ಕಿಡಿಗೆ ಸಂದಿಯನ್ನು ದಾಟುವುದು ಕಷ್ಟ, ಅನಿಲದಲ್ಲಂತೂ ಪೆಟ್ರೋಲಿಗಿಂತಲೂ ಕಷ್ಟ. ಆದುದರಿಂದ ಸಮದಾರಿಯಲ್ಲಿ ಮರೆಯಾಗಿದ್ದ ದೋಷವು ಏರಿನಲ್ಲಿ ಹೊರಬೀಳುವುದು. ರಾಮಶಬ್ದ ಬಾರದ ಹುಡುಗನು ಇಷ್ಟನ್ನು ತಡವರಿಸದೆ ಹೇಳಿದುದನ್ನು ಕೇಳಿ ನಮಗೆ ನಾಚಿಕೆಯೂ ಸಂತೋಷವೂ ಒಟ್ಟಿಗೆ ಆಯಿತು.

ಅವನ ಭಯಕ್ಕೆ ಇನ್ನೊಂದು ಕಾರಣವಿದ್ದಿತು. ಉರಿಯದೆ ಹೊರಬಿದ್ದ ಪೆಟ್ರೋಲು ಹೊಗೆಕೊಳವೆಯಲ್ಲಿರುವ ಶುದ್ಧೀಕರಣದ ಪೆಟ್ಟಿಗೆಯೊಳಗೆ ಹೊತ್ತಿಕೊಂಡು ಅದನ್ನು ಸುಟ್ಟುಹಾಕುತ್ತದೆ. ಅದನ್ನು ಹೊಸದಾಗಿ ಹಾಕಿಸಬೇಕಾದರೆ ಆ ತಿಂಗಳ ಕಂತನ್ನು ಮರೆಯಬೇಕು. ಹೀಗಾಗಿ ಕುಂಟುತ್ತಲೇ ಹತ್ತಿಬಿಡೋಣವೆನ್ನುವ ಹಾಗಿರಲಿಲ್ಲ. ರಸ್ತೆಯ ಅಂಚು ಸ್ವಲ್ಪ ಅಗಲವಾಗಿದ್ದ ಕಡೆ ನಿಲ್ಲಿಸಿದನು. ನಾವು ಇಳಿದು ಚಕ್ರಗಳ ಹಿಂದೆ ಕಲ್ಲುಗಳನ್ನು ಇಟ್ಟೆವು. ಹಿಂದಿನ ಟ್ಯಾಂಕರಿನವನು ಕೂಗಿದ ಮಾತನ್ನು ಈ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಎಂಜಿನ್ನು ಬಿಸಿಯಾಗಿರುವಾಗ ಪ್ಲಗ್ಗನ್ನು ಬಿಚ್ಚಬಾರದು. ಅಲ್ಯೂಮಿನಿಯಮ್ಮಿನ ಮೈಯಲ್ಲಿ ಕೊರೆದ ಮರೆಗಳು ಕಿತ್ತುಬರುವ ಸಂಭವವುಂಟು. ಆದಕಾರಣ ಒಂದು ಗಂಟೆಯ ಕಾಲ ಕಾಯಬೇಕಾಯಿತು. ಕತ್ತಲಾಯಿತು, ಮಂಜು ಇಳಿಯಿತು. ಹೋಗಿಬರುವ ದೀಪಗಳ ನಡುವೆ ಆ ಹುಡುಗನು ಹರಿದ ರಸ್ತೆಯಂಚಿನಲ್ಲಿ ಬಗ್ಗಿ ನಿಂತಿರುವುದನ್ನು ನೋಡುವಾಗ, ನಾವು ಅಂಗಡಿಯಲ್ಲಿ ಆಡಿದ ಒಂದು ಮಾತಿನ ಬೆಲೆಯೆಷ್ಟೆಂಬುದು ನಮಗೆ ತಿಳಿಯಿತು. ಅವನು ಒಂದೇ ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಮೂರನೆಯ ಪ್ಲಗ್ಗನ್ನು ಬಿಚ್ಚಿ ತೆಗೆದು, ಆಸನದ ಕೆಳಗಿನಿಂದ ಒಂದು ಬಟ್ಟೆಯ ಗಂಟನ್ನು ಎತ್ತಿಕೊಂಡನು. ಹಿಂದಿನ ದಿನ ಬಿಚ್ಚಿದ ಹಳೆಯ ಪ್ಲಗ್ಗುಗಳು ಅದರಲ್ಲಿದ್ದುವು. ಬಿಸಾಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಸವೆದು ಮುದಿಯಾಗಿದ್ದರೂ ಅದರಲ್ಲೊಂದು ನಮ್ಮನ್ನೂ ಹದಿನಾಲ್ಕು ಪೆಟ್ಟಿಗೆ ಶಾಸ್ತ್ರವನ್ನೂ ದೋಣಿಗಾಲಿನವರೆಗೆ ಹತ್ತಿಸಿ, ನಡುರಾತ್ರಿಗೆ ಹಾಸನವನ್ನು ಮುಟ್ಟಿಸಿತು.

ಆ ವಾರವೇ ಅವನಿಗೆ ಬೆಂಗಳೂರಿನ ಕಲಾಸಿಪಾಳ್ಯಕ್ಕೆ ತರಕಾರಿಯ ಬಾಡಿಗೆ ಸಿಕ್ಕಿತು. ನಾವೂ ಹತ್ತಿ ಕುಳಿತೆವು. ಸರಕು ಇಳಿಸಿದ ಮೇಲೆ ಪಕ್ಕದ ಜೆ.ಸಿ. ರಸ್ತೆಗೆ ನಡೆದುಹೋದೆವು. ಪುರಭವನದಿಂದ ಮಿನರ್ವ ವೃತ್ತದವರೆಗೆ ಚಾಚಿರುವ ಈ ರಸ್ತೆಗೆ ಮಹಾರಾಜ ಜಯಚಾಮರಾಜೇಂದ್ರರ ಹೆಸರು. ಒಂದು ತುದಿಯಲ್ಲಿ ರವೀಂದ್ರ ಕಲಾಕ್ಷೇತ್ರ. ಅಲ್ಲಿ ನಾಟಕಗಳನ್ನು ನೋಡಲು ನಾವು ಎಷ್ಟೋ ಸಲ ಬಂದದ್ದುಂಟು. ಅದರಿಂದ ಕೂಗಳತೆಯಲ್ಲಿ ಇಂತಹ ಇನ್ನೊಂದು ಲೋಕವಿರುವುದನ್ನು ಕಣ್ಣೆತ್ತಿ ನೋಡಿರಲಿಲ್ಲ. ಅಂಗಡಿಯ ಪಕ್ಕದಲ್ಲಿ ಅಂಗಡಿ. ಒಂದರಲ್ಲಿ ಬರಿಯ ದೀಪಗಳು, ಒಂದರಲ್ಲಿ ಬರಿಯ ಬೇರಿಂಗುಗಳು, ಇನ್ನೊಂದರಲ್ಲಿ ಸೂರಿನಿಂದ ಇಳಿಬಿಟ್ಟ ರಬ್ಬರಿನ ಪಟ್ಟಿಗಳು ಹೂವಿನಂಗಡಿಯ ಮಾಲೆಗಳ ಹಾಗೆ. ಗಾಳಿಯೆಲ್ಲ ಗ್ರೀಸಿನ ವಾಸನೆ.

ಬೆಂಗಳೂರಿಗೂ ಪ್ಲಗ್ಗಿಗೂ ಹಳೆಯ ನಂಟು. ಜರ್ಮನಿಯ ರಾಬರ್ಟ್ ಬಾಷ್ ಅವರ ಕಾರ್ಯಾಗಾರದಲ್ಲಿ 1902ರಲ್ಲಿ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಅಧಿಕ ವೋಲ್ಟಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ರೂಪಿಸಿದರು. ಆ ಸಂಸ್ಥೆಯ ಸಂಬಂಧದಿಂದ 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪನಿಯು ಆಡುಗೋಡಿಯಲ್ಲಿ ಪ್ಲಗ್ಗುಗಳನ್ನು ತಯಾರಿಸತೊಡಗಿತು. 2008ರಲ್ಲಿ ಅದು ಹೆಸರು ಬದಲಾಯಿಸಿ ಬಾಷ್ ಆಯಿತು. ಊರಿನ ಬಾಯಲ್ಲಿ ಮಾತ್ರ ಮೈಕೋ ಬಡಾವಣೆ ಉಳಿದಿದೆ.

ನಾವು ಹೊಕ್ಕ ಅಂಗಡಿಯ ಯಜಮಾನರು ನಮ್ಮ ವಯಸ್ಸಿನವರು. ಯಾವ ಕಂಪನಿಯದು ಒಳ್ಳೆಯದೆಂದು ನಾವು ಕೇಳಿದೆವು. ಅವರು ಅದಕ್ಕೆ ಉತ್ತರವನ್ನೇ ಕೊಡದೆ, “ಗಾಡಿಯ ಪುಸ್ತಕ ತಂದಿದೀರಾ, ಸ್ವಾಮಿ?” ಎಂದರು. ಶಿಷ್ಯನು ತಂದಿದ್ದನು. ಅದರಲ್ಲಿ ಪ್ಲಗ್ಗಿನ ಸಂಕೇತವನ್ನು ನೋಡಿಕೊಂಡು, ನಮಗೆ ಪಾಠ ಹೇಳುವುದಕ್ಕಾಗಿ ಬೇರೊಂದು ಪೆಟ್ಟಿಗೆಯನ್ನು ತೆಗೆದಿಟ್ಟರು. ಜಪಾನಿನ ಎನ್.ಜಿ.ಕೆ. ಕಂಪನಿಯದು. ಅದರ ಮೇಲೆ ಬಿ.ಪಿ.ಆರ್. 6 ಇ.ಎಸ್. ಎಂದಿದ್ದಿತು. ಬಿ ಎಂದರೆ ಮರೆಯ ಅಡ್ಡಳತೆ 14 ಮಿಲಿಮೀಟರು. ಪಿ ಎಂದರೆ ಪಿಂಗಾಣಿಯ ಮೂತಿ ಮುಂದಕ್ಕೆ ಚಾಚಿದೆ. ಆರ್ ಎಂದರೆ ರೇಡಿಯೋ ಮೊದಲಾದವುಗಳಿಗೆ ಬಾಧೆಯಾಗದಂತೆ ಒಳಗೊಂದು ತಡೆಯಿದೆ. 6 ಎಂಬುದು ಶಾಖದ ದರ್ಜೆ. ಇ ಎಂದರೆ ಮರೆಯ ಉದ್ದ 19 ಮಿಲಿಮೀಟರು. ಎಸ್ ಎಂದರೆ ನಡುಗಂಬಿಯಲ್ಲಿ ತಾಮ್ರದ ತಿರುಳು. ನಾವು ಬೆರಗಾದೆವು. ಅಚ್, ಹಲ್ ಎಂಬೆರಡು ಮಾತುಗಳಲ್ಲಿ ಸ್ವರವ್ಯಂಜನಗಳನ್ನೆಲ್ಲ ಅಡಗಿಸಿದ ಪಾಣಿನಿಯು ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದನು. ಒಂದಕ್ಷರ ತಪ್ಪಿದರೆ ಅರ್ಥ ಕೆಡುವುದು ಇಲ್ಲಿಯೂ ಉಂಟು: ಉದ್ದ ಹೆಚ್ಚಾದರೆ ಪ್ಲಗ್ಗಿನ ಮೂತಿಗೆ ಒಳಗಿನ ಪಿಸ್ಟನ್ನು ಬಡಿಯಬಹುದು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಶಾಖದ ದರ್ಜೆ. ಪ್ಲಗ್ಗಿನ ತುದಿಯು ಸುಮಾರು 500 ಡಿಗ್ರಿಯನ್ನಾದರೂ ಮುಟ್ಟದಿದ್ದರೆ ಮಸಿಯನ್ನು ತಾನೇ ಸುಟ್ಟುಕೊಳ್ಳಲಾರದು. 850ರ ಮೇಲಕ್ಕೆ ಹೋದರೆ ಕಿಡಿಗಿಂತ ಮೊದಲೇ ಬೆಂಕಿ ಹೊತ್ತಿ ಎಂಜಿನ್ನಿಗೆ ಕೇಡು. ಒಂದೊಂದು ಎಂಜಿನ್ನಿಗೂ ಅದರದೇ ಆದ ದರ್ಜೆ. ಇದರಲ್ಲಿ ಒಂದು ವಿಪರ್ಯಾಸ: ಜಪಾನಿನವರ ಅಂಕೆ ದೊಡ್ಡದಾದಷ್ಟೂ ಪ್ಲಗ್ಗು ತಣ್ಣಗೆ, ಬಾಷ್ ಅವರದು ದೊಡ್ಡದಾದಷ್ಟೂ ಬಿಸಿ. ಆದುದರಿಂದ ಒಂದು ಕಂಪನಿಯದನ್ನು ಬಿಟ್ಟು ಇನ್ನೊಂದರದನ್ನು ಹಾಕುವಾಗ ಅಂಕೆ ನೋಡಿ ಹಾಕಬಾರದು, ಕಂಪನಿಯ ಹೊಂದಾಣಿಕೆಯ ಪಟ್ಟಿಯನ್ನು ನೋಡಬೇಕು.

ಶಿಷ್ಯನಿಗೆ ಇರಿಡಿಯಮ್ಮಿನ ಪ್ಲಗ್ಗಿನ ಮೇಲೆ ಆಸೆ. ಆ ಲೋಹವು ಕರಗಬೇಕಾದರೆ 2,400 ಡಿಗ್ರಿಗೂ ಮೇಲೆ ಬೇಕಂತೆ. ನಿಕ್ಕಲ್ಲಿನದಕ್ಕಿಂತ ಬಹಳ ಕಾಲ ಸವೆಯದು. ಯಜಮಾನರು, “ಬಾಳಿಕೆ ಬರುತ್ತೆ. ಆದರೆ ಶಕ್ತಿ ಹೆಚ್ಚುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪುಸ್ತಕದಲ್ಲಿ ಅದೇ ಇದ್ದರೆ ಉಳಿತಾಯಕ್ಕೆ ಅಂತ ನಿಕ್ಕಲ್ ಹಾಕಬೇಡಿ” ಎಂದರು. ಶಿಷ್ಯನ ಪುಸ್ತಕದಲ್ಲಿ ಇದ್ದುದು ನಿಕ್ಕಲ್. ಅದನ್ನೇ ಕೊಂಡೆವು; ಅನಿಲದಲ್ಲಿ ಓಡುವುದರಿಂದ ಪುಸ್ತಕದ ಅವಧಿಯನ್ನು ಒಂದು ದಿನವೂ ಮೀರಕೂಡದೆಂದು ಎಚ್ಚರಿಸಿದರು.

ಕೊನೆಗೆ ನಾವು ಆ ಕೆಟ್ಟ ಪ್ಲಗ್ಗನ್ನು ಅವರ ಕೈಗಿತ್ತೆವು. ಭೂತಗಾಜಿನಲ್ಲಿ ನೋಡಿ, ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕನ್ನು ತೋರಿಸಿದರು. ನಡುಗಂಬಿ ನಡುವೆ ಇರಲಿಲ್ಲ, ಮೇಲಿನ ಅಕ್ಷರಗಳು ಉಗುರಿಗೆ ಅಳಿಸಿದುವು. ಅಲುಗಿಸಿದೊಡನೆ ವಾಷರು ಕಳಚಿ ಅಂಗೈಯಲ್ಲಿ ಬಿದ್ದಿತು. ಅಸಲಿನಲ್ಲಿ ಅದು ಹಾಗೆ ಕಳಚಿಬಾರದು. “ಇದು ಆ ಕಂಪನಿಯದೇ ಅಲ್ಲ, ಸ್ವಾಮಿ. ಬಿಲ್ ಕೊಟ್ಟಿದ್ದನೇ?” ಎಂದು ಕೇಳಿದರು. ಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ಹೊಸ ನಾಲ್ಕನ್ನೂ ಒಂದೊಂದಾಗಿ ಪೆಟ್ಟಿಗೆಯಿಂದ ತೆಗೆದು, ತೆಳುವಾದ ಅಳತೆಪಟ್ಟಿಯನ್ನು ಸಂದಿಯಲ್ಲಿ ಆಡಿಸಿ ನೋಡಿ, ಬಿಲ್ಲು ಬರೆದರು. ಶಿಷ್ಯನು ಜೇಬಿಗೆ ಕೈಹಾಕಿದನು. “ಸಲಹೆ ನಮ್ಮದು, ದಂಡವೂ ನಮ್ಮದೇ ಆಗಲಿ” ಎಂದು ನಾವೇ ಹಣ ಕೊಟ್ಟೆವು. ಅವನು ಹಾಸನದವರೆಗೂ ಮುಖ ಊದಿಸಿಕೊಂಡಿದ್ದನು.

ಹೊಸದನ್ನು ಕೂಡಿಸುವುದನ್ನೂ ನೋಡಿದೆವು. ಮೊದಲು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ವಾಷರು ಕುಳಿತ ಮೇಲೆ ಸಾಧನದಿಂದ ಅರ್ಧ ಸುತ್ತು ಅಥವಾ ಸ್ವಲ್ಪ ಹೆಚ್ಚು, ಅಷ್ಟೇ. ಬಲ ತೋರಿಸುವ ಜಾಗ ಅದಲ್ಲ. ವಾಚಕರ ಮನೆಯ ಸ್ಕೂಟರಿನಲ್ಲಿಯೂ ಇದೇ ಜಾತಿಯ ಪದಾರ್ಥವೊಂದು ಇರುವುದರಿಂದ ಇಷ್ಟು ಬರೆದೆವು.

ಮಾರ್ಗಶಿರದಲ್ಲಿ ಅಕ್ಕನವರ ಮನೆಯ ಬೀಗದ ಕೈಯನ್ನು ಕೊಂಡವರಿಗೆ ಒಪ್ಪಿಸುವುದಕ್ಕೆ ಮತ್ತೊಮ್ಮೆ ಹೋಗಬೇಕಾಯಿತು. ಬಸ್ಸಿನಲ್ಲಿ ಹೋಗಬಹುದಾಗಿತ್ತು; ಲಾರಿಯಲ್ಲಿಯೇ ಹೋದೆವು. ಬರುವಾಗ ಹಂಚುಗಳ ಪೂರ್ತಿ ಭಾರ. ಗುಂಡ್ಯ ದಾಟಿದ ಮೇಲೆ ಇಬ್ಬರೂ ಮಾತನಾಡಲಿಲ್ಲ. ನಾವು ಕಲ್ಲು ಇಟ್ಟಿದ್ದ ಜಾಗ ಬಂದಿತು. ಎಂಜಿನ್ನು ಒಂದೇ ಶ್ರುತಿಯಲ್ಲಿ ಅದನ್ನು ದಾಟಿತು. ಸಕಲೇಶಪುರದಲ್ಲಿ ನಿಲ್ಲಿಸಿ, ಎಂಜಿನ್ನು ಆರುವವರೆಗೆ ಎರಡೆರಡು ಲೋಟ ಕಾಫಿ ಕುಡಿದೆವು. ಆಮೇಲೆ ಶಿಷ್ಯನು ಮೂರನೆಯ ಪ್ಲಗ್ಗನ್ನು ಬಿಚ್ಚಿ ನಮ್ಮ ಕೈಗೆ ಕೊಟ್ಟನು. ಕಪ್ಪಾಗಿದ್ದರೆ ಮಸಿ, ಬೆಳ್ಳಗೆ ಸುಟ್ಟಿದ್ದರೆ ಅತಿಶಾಖವೆಂದು ಅವನೇ ಹೇಳಿಕೊಟ್ಟಿದ್ದನು. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದೆವು. ತುದಿಯಲ್ಲಿ ಒಣಗಿದ, ತಿಳಿಯಾದ ಕಂದುಬಣ್ಣ. ಹಾಲು ಹೆಚ್ಚಾದ ಕಾಫಿಯ ಹಾಗೆ. “ಪಾಸಾ, ಮೇಷ್ಟ್ರೇ?” ಎಂದನು. ಪಾಸೆಂದೆವು. ಅದನ್ನು ಮತ್ತೆ ಕೂಡಿಸಿ, ಹಳೆಯ ಪ್ಲಗ್ಗುಗಳ ಬಟ್ಟೆಯ ಗಂಟು ಆಸನದ ಕೆಳಗೆ ಇದೆಯೇ ಎಂದು ಒಮ್ಮೆ ಮುಟ್ಟಿ ನೋಡಿ, ಬಂಡಿ ಹತ್ತಿದನು.