ನಮ್ಮ ಮನೆಗೆ ಯಂತ್ರ ಬೇಕೆ?

ಯಂತ್ರವನ್ನು ದೂಷಿಸುವುದು ಸುಲಭ. ಹೊಗಳುವುದು ಅದಕ್ಕಿಂತಲೂ ಸುಲಭ. ಆದರೆ ಮನೆಯ ಪತ್ರವನ್ನು ಅಡವಿಟ್ಟು ಒಂದು ಯಂತ್ರವನ್ನು ಕೊಳ್ಳಬೇಕೆ ಬೇಡವೆ ಎಂದು ನಿರ್ಣಯಿಸಬೇಕಾಗಿ ಬಂದಾಗ ದೂಷಣೆಯೂ ಹೊಗಳಿಕೆಯೂ ಕೆಲಸಕ್ಕೆ ಬಾರವು. ಕಳೆದ ಮಳೆಗಾಲದಲ್ಲಿ ಇಂಥ ಪ್ರಸಂಗವು ನಮಗೆ ಒದಗಿತು. ಕೈಕಸುಬನ್ನು ನಂಬಿರುವ ಬೇರೆ ಸಂಸಾರಗಳಿಗೂ ಇದೇ ಪ್ರಶ್ನೆಯು ಇಂದಲ್ಲ ನಾಳೆ ಎದುರಾಗುವುದರಿಂದ, ನಡೆದುದನ್ನು ನಡೆದಂತೆಯೇ ವಾಚಕರ ಮುಂದಿಡುತ್ತೇವೆ.

ನಮ್ಮದು ಸಾಗರದ ಕಡೆಯ ಕೆತ್ತನೆಯ ಮನೆತನ. ಸಾಗರ, ಸೊರಬ, ಸಿರ್ಸಿಗಳ ಗುಡಿಗಾರರ ಗಂಧದ ಕೆಲಸವನ್ನು ಬಲ್ಲ ಕನ್ನಡಿಗರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಆದರೆ ಗಂಧವು ಈಗ ಬಲು ತುಟ್ಟಿ. ನಮ್ಮ ಅನ್ನವು ಬಹುಮಟ್ಟಿಗೆ ತೇಗದ ಬಾಗಿಲುಗಳಿಂದಲೂ ಶಿವನೆ ಮರದ ದೇವರ ಮಂಟಪಗಳಿಂದಲೂ ಬರುತ್ತದೆ. ಅಣ್ಣನವರಿಗೆ 61 ವರ್ಷ. ಕೈ ಇನ್ನೂ ಗಟ್ಟಿ. ಕಣ್ಣು ಮಾತ್ರ ಸಂಜೆಯಾಯಿತೆಂದರೆ ಮೊದಲಿನಂತಿಲ್ಲ. ಅವರ ಮಗನು ತಾಂತ್ರಿಕ ಶಾಲೆಯಲ್ಲಿ ಓದಿ ಬಂದವನು.

ಆಷಾಢದಲ್ಲಿ ಬೆಂಗಳೂರಿನ ಗೃಹಸ್ಥರೊಬ್ಬರು ಹೊಸಮನೆಯ ತಲೆಬಾಗಿಲಿಗೆಂದು ನಮ್ಮಲ್ಲಿಗೆ ಬಂದರು. ಬಳ್ಳಿ, ಹಂಸ, ಗಜಲಕ್ಷ್ಮಿ ಎಲ್ಲವೂ ಅವರಿಗೆ ಒಪ್ಪಿಗೆಯಾದುವು. ಆರು ವಾರ ಬೇಕೆಂದೊಡನೆ ಅವರು ನಕ್ಕು, “ಯಂತ್ರದವರು ಆರೇ ದಿನಕ್ಕೆ ಕೊಡುತ್ತಾರಲ್ಲ ಸ್ವಾಮಿ!” ಎಂದರು. ಆ ಬಾಗಿಲು ನಮ್ಮ ಕೈ ತಪ್ಪಿತು. ಅದೇ ವರ್ಷದಲ್ಲಿ ತಪ್ಪಿದುದು ಅದು ಮೂರನೆಯದು.

ಅಂದಿನ ರಾತ್ರಿ ಊಟವಾದ ಮೇಲೆ ಮಗನು ಮೆಲ್ಲನೆ, “ಅಪ್ಪಯ್ಯಾ, ನಾವೂ ಒಂದು ಸಿ.ಎನ್.ಸಿ. ಯಂತ್ರ ತಂದರೆ ಹೇಗೆ?” ಎಂದು ಕೇಳಿದನು. ಅಣ್ಣನವರು ಉತ್ತರವನ್ನೇ ಕೊಡಲಿಲ್ಲ. ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಈ ಯಂತ್ರದ ಪರಿಚಯವಿಲ್ಲದವರಿಗೆ ಎರಡು ಮಾತು. ಹಲಗೆಯನ್ನು ಒಂದು ಮೇಜಿಗೆ ಬಿಗಿದಿಡುತ್ತಾರೆ. ಅದರ ಮೇಲೆ ಅತಿವೇಗವಾಗಿ ತಿರುಗುವ ಒಂದು ಕೊರೆಯುವ ಮೊನೆಯು ಎಡಬಲಕ್ಕೂ, ಹಿಂದುಮುಂದಕ್ಕೂ, ಮೇಲುಕೆಳಕ್ಕೂ ಚಲಿಸುತ್ತದೆ. ಎಲ್ಲಿ ಎಷ್ಟು ಆಳಕ್ಕೆ ಇಳಿಯಬೇಕೆಂಬ ಅಪ್ಪಣೆಯನ್ನು ಗಣಕಯಂತ್ರವು ಅಂಕಿಗಳ ರೂಪದಲ್ಲಿ ಕೊಡುತ್ತದೆ. 1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಅಂಕಿಗಳಿಂದ ನಡೆಯುವ ಯಂತ್ರವನ್ನು ಮೊದಲಿಗೆ ತೋರಿಸಿದಾಗ, ಆ ಅಪ್ಪಣೆಗಳನ್ನು ತೂತು ಕೊರೆದ ಕಾಗದದ ಪಟ್ಟಿಯಿಂದ ಓದಿಸುತ್ತಿದ್ದರು; ವಿಮಾನದ ಭಾಗಗಳನ್ನು ಮಾಡುವುದು ಅದರ ಉದ್ದೇಶ. ಇಂದು ಅದರ ಸಂತತಿಯು ನಮ್ಮ ಜಗಲಿಯವರೆಗೂ ಬಂದು ನಿಂತಿದೆ.

ಮಗನು ವಿಚಾರಿಸಿ ತಂದ ಲೆಕ್ಕದಂತೆ ಯಂತ್ರ, ಮೊನೆಗಳು, ಧೂಳು ಹೀರುವ ಸಾಧನ, ಹೊಸ ವಿದ್ಯುತ್ತಿನ ತಂತಿ ಎಲ್ಲವೂ ಸೇರಿ 5 ಲಕ್ಷ ರೂಪಾಯಿ. ಐದು ವರ್ಷದ ಸಾಲವಾದರೆ ತಿಂಗಳಿಗೆ ಸುಮಾರು 11 ಸಾವಿರದ ಕಂತು. ಒಂದು ವಾರ ಮನೆಯಲ್ಲಿ ಬಿಸಿಬಿಸಿ ಚರ್ಚೆಯಾಯಿತು. ಕೊನೆಗೆ ಒಳಗಿನಿಂದ ಅತ್ತಿಗೆಯವರು, “ಒಂದು ಸೀರೆ ತರುವಾಗಲೂ ಮಡಿಕೆ ಬಿಚ್ಚಿ ನೋಡುತ್ತೇವೆ. ಮನೆ ಅಡವಿಡುವ ಮೊದಲು ಒಂದು ಹಲಗೆ ಕೊರೆಸಿ ನೋಡಬಾರದೆ?” ಎಂದರು. ಗಂಡಸರಾದ ನಮಗೆ ಯಾರಿಗೂ ಹೊಳೆಯದ ಮಾತು ಅದು.

ಶಿವಮೊಗ್ಗೆಯಲ್ಲಿ ಇಂಥ ಯಂತ್ರವನ್ನಿಟ್ಟುಕೊಂಡು ಗಂಟೆಗೆ 300 ರೂಪಾಯಿಯಂತೆ ಕೊರೆದುಕೊಡುವವರಿದ್ದರು. ಅಣ್ಣನವರ ಹಳೆಯ ಬಳ್ಳಿಯ ಮಾದರಿಯೊಂದನ್ನು ಮಗನು ಗಣಕಯಂತ್ರಕ್ಕೆ ಇಳಿಸಿಕೊಂಡನು. ಅದಕ್ಕೇ ಅವನಿಗೆ ಹನ್ನೆರಡು ದಿನ ಹಿಡಿಯಿತು. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ತೇಗದ ಹಲಗೆಯನ್ನು ಹೊತ್ತು ಮೂವರೂ ಬಸ್ಸು ಹತ್ತಿದೆವು.

ಯಂತ್ರವು ಆರು ಗಂಟೆ ಕೊರೆಯಿತು. ಮೊನೆಯು ಗದ್ದೆ ಉಳುವಂತೆ ಸಾಲಿನ ಪಕ್ಕಕ್ಕೆ ಸಾಲು ಹಿಡಿದು ಹೋಗುತ್ತದೆ; ಸಾಲುಗಳು ಎಷ್ಟು ಒತ್ತಾದರೆ ಕೆಲಸವು ಅಷ್ಟು ನಯ. ಆದರೆ ಸಾಲಿನ ಅಂತರವನ್ನು ಅರ್ಧಕ್ಕಿಳಿಸಿದರೆ ಹೊತ್ತು ಇಮ್ಮಡಿಯಾಗುತ್ತದೆ. ಮಾರಾಟಗಾರರು ಹೇಳುವ ವೇಗವೂ ಅವರು ತೋರಿಸುವ ನಯವೂ ಒಂದೇ ಹಲಗೆಯಲ್ಲಿ ಕೂಡಿಬರುವುದಿಲ್ಲವೆಂಬುದನ್ನು ಅಂದು ಕಂಡೆವು.

ಮನೆಗೆ ತಂದ ಹಲಗೆಯನ್ನು ಅಣ್ಣನವರು ಬೆಳಕಿಗೆ ಹಿಡಿದು ನೋಡಿದರು. ನೆಲವು, ಎಂದರೆ ಬಳ್ಳಿಯ ಹಿಂದಿನ ಸಮತಟ್ಟಾದ ಭಾಗವು, ಕನ್ನಡಿಯಂತಿತ್ತು. “ಇಷ್ಟು ಸಮವಾಗಿ ನಾನೂ ತೆಗೆಯಲಾರೆ” ಎಂದು ಅವರೇ ಒಪ್ಪಿದರು. ಅನಂತರ ಎಲೆಯ ಕೆಳಗೆ ಬೆರಳು ತೂರಿಸಹೋದರು, ಬೆರಳು ತೂರಲಿಲ್ಲ. ಮೊನೆಯು ಮೇಲಿನಿಂದ ನೇರವಾಗಿ ಮಾತ್ರ ಇಳಿಯುವುದರಿಂದ ಎಲೆಯ ಅಡಿಯ ಮರವನ್ನು ಅದು ಮುಟ್ಟಲಾರದು. ಕೈಯುಳಿಯಾದರೆ ಓರೆಯಾಗಿ ಒಳನುಗ್ಗಿ ಎಲೆಯನ್ನು ನೆಲದಿಂದ ಬಿಡಿಸುತ್ತದೆ. ಅಲ್ಲಿ ಬೀಳುವ ನೆರಳಿನಿಂದಲೇ ಬಳ್ಳಿಗೆ ಜೀವ. ಮೂಲೆಗಳೂ ಮೊನೆಯ ಗಾತ್ರಕ್ಕೆ ತಕ್ಕಂತೆ ದುಂಡಾಗಿದ್ದುವು. ಮರದ ಎಳೆ ತಿರುಗಿದಲ್ಲಿ ರೋಮದಂತಹ ನಾರು ಎದ್ದಿತ್ತು. ಅಣ್ಣನವರು ಅದೇ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ದಿನ ಕೂತರು. ಅದು ನಮ್ಮ ಮನೆಯ ಬಳ್ಳಿಯಾಯಿತು. ಮೊದಲಿನಿಂದ ಕೈಯಲ್ಲೇ ಮಾಡಿದ್ದರೆ ಒಂಬತ್ತು ದಿನ ಬೇಕಾಗುತ್ತಿತ್ತು.

ಇನ್ನು ಲೆಕ್ಕ. ಕಂತು 11 ಸಾವಿರ. ವಿದ್ಯುತ್ತು, ಸವೆದ ಮೊನೆ, ರಿಪೇರಿಗಳಿಗೆ 3 ಸಾವಿರ. ಒಟ್ಟು ತಿಂಗಳಿಗೆ 14 ಸಾವಿರ. ಅದೇ ಹಣಕ್ಕೆ ಶಿವಮೊಗ್ಗೆಯಲ್ಲಿ 46 ಗಂಟೆ ಕೊರೆಸಬಹುದು. ನಮಗಿರುವ ಕೆಲಸವೋ ತಿಂಗಳಿಗೆ ನಾಲ್ಕು ಹಲಗೆ, ಎಂದರೆ 24 ಗಂಟೆ, 7,200 ರೂಪಾಯಿ. ಉಳಿದ ಹೊತ್ತನ್ನು ತುಂಬಲು ಪೇಟೆಯವರ ಜಾಲರಿಗಳನ್ನೂ ಮಂಚದ ತಲೆಹಲಗೆಗಳನ್ನೂ ಹುಡುಕಿಕೊಂಡು ಹೋಗಬೇಕು. ನಾವು ಯಂತ್ರವನ್ನು ಸಾಕುವುದೋ ಯಂತ್ರವು ನಮ್ಮನ್ನು ಸಾಕುವುದೋ? ಇದಲ್ಲದೆ, ನಮ್ಮ ಕೆಲಸದ ಜಗಲಿಯ ಮಗ್ಗುಲಲ್ಲೇ ಉಬ್ಬಸದ ತಾಯಿಯವರು ಮಲಗುತ್ತಾರೆ. ಉಳಿಯ ಚಕ್ಕೆಯು ನೆಲಕ್ಕೆ ಬೀಳುತ್ತದೆ; ಯಂತ್ರದ ಹಿಟ್ಟಿನಂತಹ ಧೂಳು ಉಸಿರಿನೊಡನೆ ಎದೆಗೆ ಇಳಿಯುತ್ತದೆ.

ಕೊಳ್ಳುವುದು ಬೇಡ, ಕೊರೆಸಿಕೊಳ್ಳೋಣ ಎಂದು ನಿರ್ಣಯವಾಯಿತು. ಇಲ್ಲಿಗೆ ಕಥೆ ಮುಗಿಯಿತೆಂದು ನಾವು ಭಾವಿಸಿದ್ದೆವು. ಆದರೆ ಅಣ್ಣನವರು ಅದುವರೆಗೆ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ಹೊರಗೆಡಹಿದರು. “ತಮ್ಮಾ, ನೆಲ ತೆಗೆಯುವುದು ಬೇಸರದ ಕೆಲಸವೆಂದು ಯಂತ್ರಕ್ಕೆ ಕೊಟ್ಟೆವು. ನಾನು ಕಲಿತದ್ದೆಲ್ಲ ಆ ಬೇಸರದಲ್ಲೇ. ನಾಲ್ಕು ವರ್ಷ ಅಪ್ಪಯ್ಯ ನನ್ನಿಂದ ಬರಿಯ ನೆಲವನ್ನೇ ತೆಗೆಸಿದರು. ಮರದ ಎಳೆ ಎತ್ತ ಓಡುತ್ತದೆ, ಉಳಿ ಎಲ್ಲಿ ಜಾರುತ್ತದೆ, ಕೊಡತಿಯ ಪೆಟ್ಟು ಎಷ್ಟಿರಬೇಕು ಎಂಬುದು ಕೈಗೆ ತಿಳಿದದ್ದು ಅಲ್ಲಿಯೇ. ಈಗ ನಾನಿದ್ದೇನೆ, ಎಲೆ ಬಿಡಿಸುತ್ತೇನೆ. ನೆಲವನ್ನೇ ತೆಗೆಯದವನು ನನ್ನ ನಂತರ ಎಲೆ ಬಿಡಿಸುವುದು ಹೇಗೆ?”

ಯಾರೂ ಮಾತನಾಡಲಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಈ ಬಾಬತ್ತಿಗೆ ಕಲಮೇ ಇರಲಿಲ್ಲ. ಯಂತ್ರವು ಉಳಿಸಿಕೊಡುವ ಆರು ದಿನಗಳೇ ಕಸುಬಿನ ಪಾಠಶಾಲೆಯ ದಿನಗಳು. ಬಾಡಿಗೆಗೆ ತಂದರೂ ಸ್ವಂತಕ್ಕೆ ಕೊಂಡರೂ ಆ ನಷ್ಟವು ಒಂದೇ. ಅದು ಕಾಣಿಸುವುದು ಮಾತ್ರ ಹತ್ತು ವರ್ಷಗಳ ತರುವಾಯ.

ದಾರಿಯನ್ನು ಮಗನೇ ಹೇಳಿದನು. ಯಂತ್ರದಿಂದ ಉಳಿದ ದಿನಗಳಲ್ಲಿ ತಿಂಗಳಿಗೊಂದು ಹಲಗೆಯನ್ನು ತಾನು ಮೊದಲಿನಿಂದ ಕೊನೆಯವರೆಗೂ ಕೈಯಲ್ಲೇ ಮಾಡುವುದು. ಅದು ಮಾರಾಟವಾಗಲಿ ಬಿಡಲಿ, ತಂದೆಯವರು ನೋಡಿ ತಪ್ಪು ತೋರಿಸುವುದು. ನಾವು ಇನ್ನೊಂದು ನಿಯಮವನ್ನು ಕೂಡಿಸಿದೆವು: ಯಾವುದು ಯಂತ್ರದ ಕೆಲಸ, ಯಾವುದು ಕೈಯದು ಎಂಬುದನ್ನು ಕೊಳ್ಳುವವರಿಗೆ ಮೊದಲೇ ಹೇಳುವುದು. ಗಂಧದ ಕೆಲಸಕ್ಕೆ ಯಂತ್ರವನ್ನು ಸೋಕಿಸಬಾರದೆಂದು ಅಣ್ಣನವರು ಹೇಳಿದರು. ಆ ಸಣ್ಣ ಕೊರಡಿನಲ್ಲಿ ಗಂಟು ಬಿರುಕುಗಳನ್ನು ನೋಡಿಯೇ ಮೂರ್ತಿಯ ಭಂಗಿಯನ್ನು ನಿಶ್ಚಯಿಸಬೇಕು. ಅದು ಅಂಕಿಗಳಿಂದ ಆಗುವುದಲ್ಲ.

ಈಗ ಆರು ತಿಂಗಳು ಕಳೆದಿವೆ. ಮೂರು ಬಾಗಿಲುಗಳು ಈ ಕ್ರಮದಲ್ಲಿ ಸಿದ್ಧವಾಗಿ ಹೋದುವು, ಒಂದೊಂದೂ ಮೂರು ವಾರದೊಳಗೆ. ಯಂತ್ರದ ಮಾತು ಕೇಳಿ ಒಬ್ಬರು ಬೆಲೆ ಇಳಿಸಬೇಕೆಂದರು. ನ್ಯಾಯವೆಂದು ತೋರಿ ಇಳಿಸಿದೆವು. ಮಗನ ಮೊದಲಿನ ಎರಡು ಹಲಗೆಗಳು ಸೌದೆಯ ಮನೆಯಲ್ಲಿವೆ. ಐದನೆಯದನ್ನು ಅಣ್ಣನವರು ಬಹಳ ಹೊತ್ತು ತಿರುಗಿಸಿ ನೋಡಿ, ಎಲೆಯ ಕೆಳಗೆ ಬೆರಳು ತೂರಿಸಿದರು. ಹೊಗಳಲಿಲ್ಲ, ಅತ್ತಿಗೆಯವರನ್ನು ಕರೆದು, ಇದನ್ನು ದೇವರ ಕೋಣೆಯ ಗೋಡೆಗೆ ತೂಗುಹಾಕೆಂದರು.

ಯಂತ್ರದ ಬೆಲೆಪಟ್ಟಿಯನ್ನು ನಾವು ಹರಿದುಹಾಕಿಲ್ಲ. ಯುಗಾದಿಯಂದು ಲೆಕ್ಕವನ್ನು ಮತ್ತೊಮ್ಮೆ ತೆಗೆಯುವೆವು. ಕೆಲಸ ಹೆಚ್ಚಿದ್ದರೆ ಕೊಳ್ಳಲೂ ಬಹುದು. ಆದರೆ ಗಂಟೆ ರೂಪಾಯಿಗಳ ಪಕ್ಕದಲ್ಲಿ, ಮಗನು ಆ ವರ್ಷ ಕೈಯಾರೆ ಮುಗಿಸಿದ ಹಲಗೆಗಳೆಷ್ಟು ಎಂಬ ಕಲಮನ್ನೂ ಈ ಸಲ ಬರೆಯುವೆವು.