ಲೆಕ್ಕಕ್ಕೆ ಬಾರದ ಎಲುಬು

ಎರಡು ಮೂರು ವರ್ಷಕ್ಕೊಮ್ಮೆ, ರಂಜಾನ್ ಹತ್ತಿರ ಬಂದಾಗ, ಅಮ್ಮಿ ತಮ್ಮ ಬುರ್ಖಾದ ಅಂಚನ್ನು ಒಂದು ಬೆರಳಷ್ಟು ಮಡಚಿ ಹೊಲಿದುಕೊಳ್ಳುತ್ತಿದ್ದರು. ನೆಲಕ್ಕೆ ಎಳೆಯುತ್ತದೆ ಎನ್ನುತ್ತಿದ್ದರು. ಹೊಲಿದವನ ಅಳತೆ ಸರಿಯಿಲ್ಲವೆಂದು ನಾವು ನಗುತ್ತಿದ್ದೆವು. ಬುರ್ಖಾ ಇದ್ದಷ್ಟೇ ಇತ್ತು, ಅಮ್ಮಿ ಗಿಡ್ಡಗಾಗುತ್ತಿದ್ದರು ಎಂಬುದು ಹೊಳೆದದ್ದು ಅವರು ಬಿದ್ದ ಮೇಲೆಯೇ.

ಫಜರ್ ನಮಾಜಿಗೆ ವುಜೂ ಮಾಡಲು ಹೋದವರು ಬಚ್ಚಲಲ್ಲಿ ಜಾರಿದರು. "ಕುಚ್ ನೈ ಹುವಾ ಬೇಟಾ" ಅಂದರು. ಆದರೆ ಕಾಲು ಎತ್ತಲಾಗಲಿಲ್ಲ. ಸೊಂಟದ ಹತ್ತಿರ ತೊಡೆಯ ಎಲುಬು ಮುರಿದಿತ್ತು. ಡಾಕ್ಟರು ಎಕ್ಸ್‌ರೇಯಲ್ಲಿ ಬೆನ್ನಿನ ಎರಡು ಮಣಿಗಳನ್ನೂ ತೋರಿಸಿ, "ಇವು ಎಂದೋ ಕುಸಿದಿವೆ, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ?" ಎಂದು ಕೇಳಿದರು. ನಾವು ತಲೆ ತಗ್ಗಿಸಿದೆವು.

ರೋಗದ ಹೆಸರು ಆಸ್ಟಿಯೋಪೊರೋಸಿಸ್. ಉರ್ದು ಶಾಲೆಯಲ್ಲಿ ಹಡ್ಡಿ ಎಂದು, ಕನ್ನಡ ಶಾಲೆಯಲ್ಲಿ ಎಲುಬು ಎಂದು ಕಲಿತ ನಮಗೆ ಎರಡೂ ಭಾಷೆಗಳಲ್ಲಿ ಈ ರೋಗಕ್ಕೊಂದು ಮನೆಮಾತಿನ ಹೆಸರು ಸಿಗಲಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ದೇಹದಲ್ಲಿ ಈಸ್ಟ್ರೋಜನ್ ಇಳಿಯುತ್ತದೆ, ಎಲುಬು ಕಟ್ಟಿಕೊಳ್ಳುವುದಕ್ಕಿಂತ ಕರಗುವುದು ಹೆಚ್ಚಾಗುತ್ತದೆ. ಮುರಿಯುವವರೆಗೆ ನೋವೇ ಇರುವುದಿಲ್ಲ. ನೋವಿಲ್ಲದ ರೋಗವನ್ನು ಯಾರು ಕೇಳುತ್ತಾರೆ?

ಆಪರೇಶನ್ನಿನ ಖರ್ಚನ್ನು ನಾವು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆವು. ಅರ್ಥಶಾಸ್ತ್ರ ಕಲಿಸುವ ಗೆಳೆಯರೊಬ್ಬರು ಅದನ್ನು ತಿರುವಿ ನೋಡಿ, "ನಿಮ್ಮ ಲೆಕ್ಕ ಅರ್ಧವೇ ಆಯಿತಲ್ಲ" ಎಂದು ಆಸ್ಟ್ರೇಲಿಯಾದ ಕಥೆ ಹೇಳಿದರು.

ಅಲ್ಲಿ 2001ರಲ್ಲಿ ಆಸ್ಟಿಯೋಪೊರೋಸಿಸ್ ಸಂಘಟನೆಯೊಂದು ಅರ್ಥಶಾಸ್ತ್ರಜ್ಞರಿಂದ ಈ ರೋಗದ ಲೆಕ್ಕ ಹಾಕಿಸಿತು. ರೋಗಿಗಳು ಸುಮಾರು 19 ಲಕ್ಷ. ದೇಶಕ್ಕೆ ವರ್ಷದ ಹೊರೆ ಸುಮಾರು 740 ಕೋಟಿ ಡಾಲರ್. ಇದರಲ್ಲಿ ಆಸ್ಪತ್ರೆ, ಔಷಧಿಯಂಥ ನೇರ ಖರ್ಚು 190 ಕೋಟಿ ಮಾತ್ರ. ಉಳಿದದ್ದೆಲ್ಲ ತಪ್ಪಿಹೋದ ದುಡಿಮೆ, ಮನೆಯವರು ಸಂಬಳವಿಲ್ಲದೆ ಮಾಡಿದ ಆರೈಕೆ ಇತ್ಯಾದಿಗಳ ಬೆಲೆ. 2002ರಲ್ಲಿ ಅಲ್ಲಿನ ಆರೋಗ್ಯ ಮಂತ್ರಿಗಳು ಸಂಧಿವಾತ ಮತ್ತು ಎಲುಬು-ಸ್ನಾಯುಗಳ ತೊಂದರೆಗಳನ್ನು ರಾಷ್ಟ್ರೀಯ ಆದ್ಯತೆಗಳ ಪಟ್ಟಿಗೆ ಸೇರಿಸಿದರು. ಆಸ್ಟಿಯೋಪೊರೋಸಿಸ್ ಅದರೊಳಗೆ ಬಂತು. 2007ರಿಂದ 70 ದಾಟಿದವರ ಎಲುಬಿನ ಸಾಂದ್ರತೆ ಪರೀಕ್ಷೆಗೆ ಸರಕಾರಿ ವಿಮೆಯ ನೆರವು ಸಿಕ್ಕಿತು. ಅಂದರೆ ಮುರಿಯುವ ಮೊದಲೇ. ಒಂದು ವರದಿಯಿಂದಲೇ ಇಷ್ಟೆಲ್ಲ ಆಯಿತೆಂದಲ್ಲ. ಆದರೆ ಹಣಕಾಸಿನವರ ಮುಂದೆ ಹೋಗಿ ನಿಲ್ಲಲು ಒಂದು ಅಂಕಿ ಕೈಯಲ್ಲಿತ್ತು.

ಕಥೆ ಬರೆಯುವ ನಮಗೆ ಮೊದಲು ಮುಜುಗರವಾಯಿತು. ತಾಯಿಯ ನೋವನ್ನೂ ಡಾಲರಿಗೆ, ರೂಪಾಯಿಗೆ ತರ್ಜುಮೆ ಮಾಡಬೇಕೆ? ಆಮೇಲೆ ನಮ್ಮ ದೇಶದ ಲೆಕ್ಕ ನೋಡಿದೆವು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲೇ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗ, ಪಾರ್ಶ್ವವಾಯು ಇದ್ದವು, ಎಲುಬು ಇರಲಿಲ್ಲ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. ಈ ಸುಮಾರು ಐದು ಗಂಟೆ ರಾಷ್ಟ್ರೀಯ ಆದಾಯದಲ್ಲಿ ಸೇರುವುದೇ ಇಲ್ಲ.

ಹಾಗಾದರೆ ಅಮ್ಮಿ ಬಿದ್ದದ್ದರಿಂದ ದೇಶಕ್ಕೆ ಏನು ನಷ್ಟವಾಯಿತು? ಪುಸ್ತಕದ ಪ್ರಕಾರ ಏನೂ ಇಲ್ಲ. ಅವರು ಐವತ್ತು ವರ್ಷ ತಟ್ಟಿದ ರೊಟ್ಟಿ, ಸಾಕಿದ ಮೊಮ್ಮಕ್ಕಳು ಯಾವ ಕಾಲಂನಲ್ಲೂ ಇಲ್ಲ. ತಮಾಷೆಯೆಂದರೆ ಆಪರೇಶನ್ನಿನ ಬಿಲ್ಲು ಮಾತ್ರ ದೇಶದ ಆದಾಯಕ್ಕೆ ಸೇರಿತು. ದುಡಿಮೆಗೆ ಬೆಲೆ ಕಟ್ಟದ ಮೇಲೆ ಆ ದುಡಿಮೆಯನ್ನು ಹೊತ್ತ ಎಲುಬಿಗೆ ಬೆಲೆ ಎಲ್ಲಿಂದ ಬರಬೇಕು? ಕೂಲಿಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಮುದುಕಿಯರೇ ಎಲ್ಲರಿಗಿಂತ ಅಗ್ಗವಾಗುತ್ತಾರೆ. ಆದ್ದರಿಂದ ನಮ್ಮಲ್ಲಿ ಲೆಕ್ಕ ಹಾಕಬೇಕು, ಅದು ಅಡುಗೆಮನೆಯಿಂದ ಶುರುವಾಗಬೇಕು.

ಅಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದೆವು. ಆಪಾ ಹೊಲಿಗೆ ಯಂತ್ರ ಮುಚ್ಚಿಟ್ಟ ನಾಲ್ಕು ತಿಂಗಳು, ಭಾಭಿ ನಿದ್ದೆಗೆಟ್ಟ ರಾತ್ರಿಗಳು, ಅಮ್ಮಿಯನ್ನು ನಮಾಜಿಗೆ ಕುರ್ಚಿಯಲ್ಲಿ ಕೂರಿಸುವ ಐದು ಹೊತ್ತು, ಎಲ್ಲವನ್ನೂ ಬರೆದೆವು. ಆಪಾ ಇಣುಕಿ ನೋಡಿ, "ಇದರ ದುಡ್ಡು ಯಾರು ಕೊಡ್ತಾರಂತೆ?" ಎಂದು ನಕ್ಕರು.

ಆಪಾಗೆ ಈಗ ಐವತ್ತೆರಡು. ನಾವು ಅವರನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಮಟ್ಟಕ್ಕೆ ಪೆನ್ಸಿಲಿನಿಂದ ಗೀಟು ಎಳೆದು, ಪಕ್ಕದಲ್ಲಿ ತಾರೀಖು ಬರೆದೆವು.